ಒಂಬತ್ತು ದಿನದ ಕಾಗದ

ಹೆಂಡತಿಯಾದವಳು ದಿನಾ ಸಂಜೆ ಐದೂವರೆಗೆ ಸೂಜಿ ಕೆಳಗಿಟ್ಟು, ಮುಖ ತೊಳೆದು, ತಲೆ ಬಾಚಿ ಹೊರಟುಬಿಟ್ಟರೆ, ಏಳು ಗಂಟೆಗೆ ಮುಖದ ತುಂಬ ನಗು ಹೊತ್ತುಕೊಂಡು ವಾಪಸು ಬಂದರೆ, ಯಾವ ಗಂಡನ ಹೊಟ್ಟೆ ತಣ್ಣಗಿದ್ದೀತು? ಟೈಲರನ ಹೊಟ್ಟೆಯಂತೂ ಹತ್ತು ತಿಂಗಳಿಂದ ಉರಿಯುತ್ತಿತ್ತು. ಎದುರಾಳಿ ಇನ್ನೊಬ್ಬ ಗಂಡಸಾಗಿದ್ದರೆ ಹೋಗಿ ಕೊರಳಪಟ್ಟಿ ಹಿಡಿದು ಕೇಳಬಹುದಿತ್ತು. ಇಲ್ಲಿ ಎದುರಾಳಿ ಸಾಕ್ಷಾತ್ ದೇವರು. ಬೀದಿಯ ಅರ್ಧ ಜನಕ್ಕೆ ಕೊರಳಪಟ್ಟಿ ಹೊಲಿದುಕೊಟ್ಟವನಿಗೆ ಈ ಒಂದು ಕೊರಳಪಟ್ಟಿ ಮಾತ್ರ ಕೈಗೆ ಸಿಗಲಿಲ್ಲ.

ತಪ್ಪು ಅವನದೇ ಎನ್ನಬೇಕು. ಬೀದಿಯ ಕೊನೆಯಲ್ಲಿರುವ ಕನ್ಯಾಮಠದ ಸಿಸ್ಟರುಗಳ ನಿಲುವಂಗಿ ಹೊಲಿಯುವ ಕೆಲಸ ಹಿಡಿದವನು ಅವನು. ಮುಂದಿನ ಕೋಣೆ, ಪ್ರಾರ್ಥನಾಲಯ ಬಿಟ್ಟರೆ ಗಂಡಸರು ಮಠದ ಒಳಗೆ ಹೋಗುವಂತಿಲ್ಲ. ಹಾಗಾಗಿ ಅಳತೆ ತೆಗೆಯಲು ಹೆಂಡತಿಯ ಕೈಗೆ ಟೇಪು ಕೊಟ್ಟು ಕಳಿಸಿದವನೂ ಅವನೇ. ಅವಳು ಹನ್ನೊಂದು ಸಿಸ್ಟರುಗಳ ಅಳತೆ ತಂದಳು. ಜೊತೆಗೆ ಅವರ ಸಂಜೆಯ ಪ್ರಾರ್ಥನೆಯ ರುಚಿಯನ್ನೂ ಹತ್ತಿಸಿಕೊಂಡು ಬಂದಳು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಬಳಿ ಅವನ ಮಿಷನ್ನು, ಪಕ್ಕದಲ್ಲಿ ಅವಳ ಸ್ಟೂಲು. ಅಂಗಿಗಳ ಗುಂಡಿತೂತಿಗೆ ಕಾಜ ಹೆಣೆಯುವುದು, ಗುಂಡಿ ಹಚ್ಚುವುದು, ಅಂಚು ಮಡಿಸುವುದು ಅವಳ ಪಾಲಿನ ಕೆಲಸ. ಬೀದಿಯವರು ಅವಳನ್ನು ಕರೆಯುವುದೇ ಕಾಜದಕ್ಕ ಎಂದು. ಇಪ್ಪತ್ತೆರಡು ವರ್ಷ ಅವನು ಮಿಷನ್ ತುಳಿಯುತ್ತ ಮಾತಾಡಿದ್ದಾನೆ, ಅವಳು ಕಾಜ ಹೆಣೆಯುತ್ತ ಹ್ಞೂಂಗುಟ್ಟಿದ್ದಾಳೆ. ಈಗ ಬೆಳಿಗ್ಗೆ ಅರ್ಧ ಗಂಟೆ ಕೈಯಲ್ಲಿ ಕೀರ್ತನೆಗಳ ಪುಸ್ತಕ ಹಿಡಿದು ತುಟಿ ಪಿಟಕ್ಕೆನ್ನದೆ ಕೂತಿರುತ್ತಾಳೆ. ಸಂಜೆಯಂತೂ ಸ್ಟೂಲು ಖಾಲಿ.

ಒಂದು ದಿನ ಮಧ್ಯಾಹ್ನದ ಊಟಕ್ಕೆ ನಾಲ್ವರೂ ಕೂತಿದ್ದಾಗ ಅವಳು ವಿಷಯ ಎತ್ತಿದಳು.

"ಮುಂದಿನ ತಿಂಗಳು ಮೊದಲನೇ ಭಾನುವಾರ ನಾನು ಮಠದಲ್ಲಿ ಮಾತು ಕೊಡೋದಿದೆ."

"ಅಯ್ಯೋ, ಸಿಸ್ಟರ್ ಆಗಿಬಿಡ್ತೀಯಾ?" ಎಂದಳು ಮಗಳು. ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಈ ಹುಡುಗಿಗೆ ಮನೆಯಲ್ಲಿ ರೇಡಿಯೋ ಎಂದು ಹೆಸರು. ನಿಲ್ಲಿಸುವ ಗುಂಡಿ ಮಾತ್ರ ಇಲ್ಲದ ರೇಡಿಯೋ. "ಆಗ ಅಪ್ಪನ ಕಥೆ? ಅಂಗಡಿ ಬೋರ್ಡಿನ ಮೇಲೆ 'ಸಿಸ್ಟರ್ ಗಂಡ' ಅಂತ ಬರೆಸೋದಾ?"

"ಸುಮ್ನಿರೇ. ಸಿಸ್ಟರ್ ಅಲ್ಲ. ಸಂಸಾರಸ್ಥರಿಗೂ ಅಲ್ಲೊಂದು ದಾರಿ ಇದೆ. ಮನೆ ಬಿಡೋ ಹಾಗಿಲ್ಲ, ಕೆಲಸ ಬಿಡೋ ಹಾಗಿಲ್ಲ. ಬೆಳಿಗ್ಗೆ ಸಂಜೆ ಅವರು ಹೇಳೋ ಪ್ರಾರ್ಥನೆ ನಾವೂ ಹೇಳ್ಬೇಕು. ತಿಂಗಳಿಗೊಂದು ಭಾನುವಾರ ಅಲ್ಲಿರ್ಬೇಕು. ಹತ್ತು ತಿಂಗಳು ಕಲಿತಾದ ಮೇಲೆ ಪೂಜೆಲಿ ಎಲ್ಲರ ಮುಂದೆ ಮಾತು ಕೊಡ್ಬೇಕು. ನನ್ನ ಜೊತೆ ಬ್ಯಾಂಕಿನ ಗುಮಾಸ್ತರೊಬ್ರಿದ್ದಾರೆ, ಇಬ್ರು ನರ್ಸುಗಳಿದ್ದಾರೆ."

"ಒಂದ್ಸಲ ಮಾತು ಕೊಟ್ಟಿದ್ದೆಯಲ್ಲ," ಎಂದ ಟೈಲರ್, ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತ. "ನನಗೆ. ಅದೂ ಪೂಜೆಲೇ, ಎಲ್ಲರ ಮುಂದೆನೇ. ಅದು ಸಾಲದೇ ಹೋಯ್ತಾ?"

"ಅದು ಹಾಗೇ ಇರುತ್ತೆ ರೀ. ಇದಕ್ಕೆ ನಿಮ್ಮದೊಂದು ಕಾಗದ ಬೇಕು. ಮದುವೆ ಆದವರು ಸೇರೋದಾದ್ರೆ, ಗಂಡನೋ ಹೆಂಡತಿನೋ, ಅವರ ಕೈಯಾರೆ ಒಪ್ಪಿಗೆ ಬರೆದುಕೊಡ್ಬೇಕು. ಇಲ್ಲದಿದ್ರೆ ಪಟ್ಟಿಯಿಂದ ಹೆಸರು ತೆಗೀತಾರೆ."

ಇದುವರೆಗೆ ಸುಮ್ಮನೆ ಉಣ್ಣುತ್ತಿದ್ದ ಅಜ್ಜಿಯ, ಎಂದರೆ ಟೈಲರನ ತಾಯಿಯ, ಕೈಯ ಚಮಚ ಗಕ್ಕನೆ ನಿಂತಿತು. "ಕಾಗದ ಕೇಳ್ತಾರಾ? ಈಗಲೂ?" ಎಂದಳು. ಈಗಲೂ ಎಂದರೆ ಏನೆಂದು ಯಾರೂ ಕೇಳಲಿಲ್ಲ. ಆ ಮನೆಯಲ್ಲಿ ಅಜ್ಜಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

"ನೋಡೋಣ," ಎಂದ ಟೈಲರ್. ಅದು ಮೊದಲನೆಯ ಸಲ.

ಎರಡನೆಯ ಸಲ ಅವಳು ಕೇಳಿದ್ದು ಅಂಗಡಿಯಲ್ಲಿ, ಶಾಲೆಯ ಯೂನಿಫಾರ್ಮಿನ ರಾಶಿಯ ನಡುವೆ. ನೀಲಿ ಚಡ್ಡಿಗಳು ಅವನ ಮಂಡಿಯವರೆಗೆ ಬಿದ್ದಿದ್ದವು.

"ಕಾಗದ ಬರೀತೀರಾ?"

"ಅಷ್ಟೊತ್ತು ದೇವರ ಹತ್ರ ಏನು ಮಾತಾಡ್ತೀಯ ನೀನು? ಮೊದಲು ಅದು ಹೇಳು."

"ಮಾತೇನೂ ಆಡಲ್ಲ. ಪ್ರಾರ್ಥನೆ ಆದ್ಮೇಲೆ ಸುಮ್ಮನೆ ಕೂತಿರ್ತೀನಿ."

"ನನ್ನ ಜೊತೆ ಒಂದು ದಿನ ಸುಮ್ಮನೆ ಕೂತವಳಲ್ಲ!"

"ನೀವು ಬಿಟ್ರೆ ತಾನೆ," ಎಂದಳು ಅವಳು, ದಾರ ಕಚ್ಚಿ ಕತ್ತರಿಸುತ್ತ.

ಟೈಲರ್ ಮಿಷನ್ನನ್ನು ಅದರ ಮೇಲೆ ಸಿಟ್ಟಿರುವವನ ಹಾಗೆ ತುಳಿದ. ಅವತ್ತು ಮೂರು ಚಡ್ಡಿಗಳ ಜೇಬು ಸೊಟ್ಟಗಾಗಿ, ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಮನೆಯಲ್ಲಿ ಹೊಟ್ಟೆ ಉರಿದುಕೊಳ್ಳುವವನು ಅವನೊಬ್ಬನೇ ಆಗಿದ್ದರೆ ಕಥೆ ಇಷ್ಟಕ್ಕೇ ಮುಗಿಯುತ್ತಿತ್ತು. ಅಜ್ಜಿಯದು ಇನ್ನೂ ಹಳೆಯ ಉರಿ. ಐವತ್ತು ವರ್ಷದಿಂದ ಇಗರ್ಜಿಯ ಮೊದಲನೇ ಬೆಂಚು ಅವಳದು. ಪೀಠದ ಬಿಳಿ ಬಟ್ಟೆಗಳನ್ನು ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡುವವಳು ಅವಳು. ಹೂದಾನಿಗೆ ನೀರು ಬದಲಿಸುವವಳು ಅವಳು. ಸೊಸೆಯಾದರೋ ಮದುವೆಯಾಗಿ ಬಂದ ಹೊಸತರಲ್ಲಿ ಇಗರ್ಜಿಯಲ್ಲಿ ಫಾದರ್ ಪ್ರಸಂಗ ಶುರುಮಾಡಿದರೆ ತೂಕಡಿಸುತ್ತಿದ್ದವಳು. ಮೊಣಕೈಯಿಂದ ತಿವಿದು ಎಬ್ಬಿಸಿದ್ದು ಇದೇ ಅತ್ತೆ! ಈಗ ಪೂಜೆ ಮುಗಿದ ಮೇಲೆ ಫಾದರ್ ಬಾಗಿಲಲ್ಲಿ ನಿಂತು, "ನಿಮ್ಮ ಸೊಸೆ ಹೇಗಿದ್ದಾರೆ? ತುಂಬ ಸಂತೋಷ ಆಯ್ತು ಅವರ ವಿಷಯ ಕೇಳಿ," ಎನ್ನುತ್ತಿದ್ದರು. ಅಜ್ಜಿಯ ಮಂಡಿನೋವಿನ ಬಗ್ಗೆ ಒಂದು ಮಾತಿಲ್ಲ.

ಹಾಗಾಗಿ ಅಡುಗೆಮನೆಯಲ್ಲಿ ಸದ್ದಿಲ್ಲದ ಸಮರ ಶುರುವಾಗಿತ್ತು. ಸೊಸೆ ಬೆಳಿಗ್ಗೆ ಪುಸ್ತಕ ಹಿಡಿದು ಕೂರುವ ಹೊತ್ತಿಗೆ ಸರಿಯಾಗಿ ಅಜ್ಜಿ ಹಾಲನ್ನು ಒಲೆಯ ಮೇಲಿಟ್ಟು, ಹಿತ್ತಲಿಗೆ ಬಟ್ಟೆ ಒಣಹಾಕಲು ಹೋಗಿಬಿಡುವಳು. ಹಾಲು ಉಕ್ಕುವುದು. ಸೊಸೆ ಪುಸ್ತಕ ಮುಚ್ಚಿ ಓಡುವಳು.

"ನೋಡು, ದೇವರ ಜೊತೆ ಕೂತವರಿಗೆ ಹಾಲಿನ ಮೇಲೆ ಎಲ್ಲಿ ಗಮನ," ಎಂದು ಅಜ್ಜಿ ಹಿತ್ತಲಿನಿಂದಲೇ ಹೇಳುವಳು.

"ಒಲೆ ಮೇಲಿಟ್ಟವರು ನೀವು ಅತ್ತೆ."

"ವಯಸ್ಸಾಯ್ತಮ್ಮ, ಮರೆವು."

"ನಾಲ್ಕು ದಿನದಿಂದ ಒಂದೇ ಟೈಮಿಗೆ ಮರೆವು ಬರುತ್ತಲ್ಲ ಅಜ್ಜಿ," ಎಂದು ರೇಡಿಯೋ ಹಲ್ಲುಜ್ಜುತ್ತಲೇ ಪ್ರಸಾರ ಮಾಡಿದಳು. "ನಮ್ಮ ಅಂಗಡಿಲಿ ಅದಕ್ಕೆ ಮಾತ್ರೆ ಇದೆ, ತರ್ಲಾ?"

ಮೂರನೆಯ ಸಲ ಕೇಳಿದಾಗ ಜಗಳವೇ ಆಯಿತು. ಬಡಿಸಿದ ಅನ್ನ ತಟ್ಟೆಯಲ್ಲೇ ತಣ್ಣಗಾಯಿತು.

"ನನಗೆ ಬರೆಯೋಕೆ ಬರಲ್ಲ," ಎಂದ ಟೈಲರ್.

"ದಿನಾ ಅಳತೆ ಬರೀತೀರಲ್ಲ."

"ಅದು ಅಂಕಿ. ಇದು ಬೇರೆ. ಹೆಂಡತೀನ ಬೇರೆ ಕಡೆ ಕೊಡ್ತೀನಿ ಅಂತ ಯಾವ ಗಂಡ ಬರೆದುಕೊಟ್ಟಿದ್ದಾನೆ?"

"ಕೊಡೋದು ಯಾರನ್ನ ರೀ? ನಾನೇನು ಹೊಲಿದಿಟ್ಟ ಅಂಗಿನಾ?"

"ಹೌದು, ನನಗೆ ಹೊಟ್ಟೆಕಿಚ್ಚು. ಏನೀಗ? ಆ ಮಠದಿಂದ ಬಂದಾಗ ನಿನ್ನ ಮುಖ ಇರುತ್ತಲ್ಲ, ಆ ಮುಖ ಈ ಮನೇಲಿ ಯಾವತ್ತಾದ್ರೂ ನೋಡಿದ್ದೀನಾ ನಾನು? ಅದಕ್ಕೆ ಹೊಟ್ಟೆಕಿಚ್ಚು."

ಅವಳ ಕಣ್ಣಲ್ಲಿ ಸಿಟ್ಟೂ ಇತ್ತು, ಪಾಪ ಎನ್ನುವ ಭಾವವೂ ಇತ್ತು. "ಸರಿ. ಇನ್ನು ಕೇಳಲ್ಲ," ಎಂದಳು. "ಮಠದ ಮದರ್ ಹೇಳಿದ್ದಾರೆ: ಗಂಡನ್ನ ಮೂರು ಸಲ ಕೇಳು. ನಾಲ್ಕನೇ ಸಲ ಕೇಳಿದ್ರೆ ಅದು ಕೇಳೋದಲ್ಲ, ಕಿತ್ಕೊಳ್ಳೋದು ಅಂತ. ಹಾಗೆ ಕಿತ್ಕೊಂಡು ಬಂದ ಕಾಗದ ಅವರಿಗೆ ಬೇಡವಂತೆ. ನಿಮಗೆ ಮನಸ್ಸಾದ್ರೆ ಕೊಡಿ, ಇಲ್ಲಾಂದ್ರೆ ಬಿಡಿ."

ಅಲ್ಲಿಗೆ ಆ ಮಾತಿಗೆ ಬೀಗ ಬಿತ್ತು.

ಮುಂದಿನ ಶುಕ್ರವಾರ ಸಂಜೆ ಟೈಲರ್ ಮಠಕ್ಕೆ ಹೋಗಬೇಕಾಗಿ ಬಂತು. ನಾಲ್ಕು ನಿಲುವಂಗಿಗಳು ತಯಾರಾಗಿದ್ದವು, ಗಂಟು ಭಾರವಿತ್ತು, ಹೆಂಡತಿ ಆಗಲೇ ಹೊರಟುಹೋಗಿದ್ದಳು. ಬಾಗಿಲು ತೆಗೆದ ವಯಸ್ಸಾದ ಸಿಸ್ಟರ್ ಅವನನ್ನು ಮುಂದಿನ ಕೋಣೆಯಲ್ಲಿ ಕೂರಿಸಿದರು. ಗೋಡೆಯಾಚೆಯಿಂದ ಪ್ರಾರ್ಥನೆಯ ದನಿ ಬರುತ್ತಿತ್ತು. ಹೆಂಡತಿಯ ದನಿ ಯಾವುದೆಂದು ಅವನು ಕಿವಿಗೊಟ್ಟು ಹುಡುಕಿದ. ಸಿಗಲಿಲ್ಲ. ಎಲ್ಲ ದನಿಗಳೂ ಒಂದೇ ಬಟ್ಟೆಯ ನೂಲಿನ ಹಾಗೆ ಸೇರಿಕೊಂಡಿದ್ದವು.

"ನೀವೇನಾ ಕಾಜದಕ್ಕನ ಯಜಮಾನರು!" ಎಂದರು ಸಿಸ್ಟರ್, ನಿಲುವಂಗಿಯ ಹೊಲಿಗೆ ನೋಡುತ್ತ. "ಬೆನ್ನು ಹೇಗಿದೆ ಈಗ?"

"ಯಾರ ಬೆನ್ನು?"

"ನಿಮ್ಮದೇ. ಕೊನೆಲಿ ಪ್ರತಿಯೊಬ್ರೂ ಯಾರಿಗಾಗಿ ಬೇಡ್ಕೋಬೇಕು ಅಂತ ಒಂದು ಮಾತು ಹೇಳ್ತಾರೆ. ಅವರದು ದಿನಾ ಒಂದೇ. 'ನನ್ನ ಯಜಮಾನರ ಬೆನ್ನುನೋವಿಗಾಗಿ, ಅವರು ಬಗ್ಗಿ ಬಗ್ಗಿ ಮಿಷನ್ ತುಳೀತಾರೆ' ಅಂತ. ಹತ್ತು ತಿಂಗಳಾಯ್ತು. ನಿಮ್ಮ ಬೆನ್ನು ನಮಗೆಲ್ಲ ಬಾಯಿಪಾಠ ಆಗ್ಹೋಗಿದೆ."

ಟೈಲರ್ ದಾರಿಯುದ್ದಕ್ಕೂ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದ. ಹನ್ನೊಂದು ಮಂದಿ ಸಿಸ್ಟರುಗಳಿಗೆ ತನ್ನ ಬೆನ್ನಿನ ಸುದ್ದಿ ಗೊತ್ತೆಂದು ನಾಚಿಕೆಯಾಯಿತು. ತಾನು ಎದುರಾಳಿ ಎಂದುಕೊಂಡವನ ಮನೆಯಲ್ಲಿ ದಿನಾ ತನ್ನ ಮಾತೇ ನಡೆಯುತ್ತಿದೆ ಎಂದು ಖುಷಿಯೂ ಆಯಿತು. ಅಂಗಡಿಗೆ ಬಂದವನೇ ಅಳತೆ ಬರೆಯುವ ಪ್ಯಾಡು ತೆಗೆದ. ಬೇರೆ ಕಾಗದ ಆ ಮನೆಯಲ್ಲಿರಲಿಲ್ಲ. ಎದೆ, ಸೊಂಟ, ತೋಳು ಎಂದು ಅಚ್ಚಾದ ಗೆರೆಗಳ ಮೇಲೆ ಹೀಗೆ ಬರೆದ:

'ಮದರ್ ಅವರಿಗೆ. ನನ್ನ ಹೆಂಡತಿ ನಿಮ್ಮಲ್ಲಿ ಸೇರಿಕೊಳ್ಳಲು ನನ್ನ ಒಪ್ಪಿಗೆ ಇದೆ. ಸಂಜೆ ಏಳಕ್ಕೆ ಕಳಿಸಿಕೊಡಬೇಕು. ಬೆನ್ನು ಪರವಾಗಿಲ್ಲ.'

ಕೆಳಗೆ ರುಜು ಹಾಕಿದ. ಕೈಯಲ್ಲಿ ಕೊಡುವುದು ಹೇಗೆ? ಅಷ್ಟೆಲ್ಲ ಕೂಗಾಡಿದ ಮೇಲೆ ಮುಖ ಕೊಟ್ಟು ಕೊಡಲು ಅವನಿಂದಾಗಲಿಲ್ಲ. ಅಡುಗೆಮನೆಯಲ್ಲಿ ಆಲೂಗಡ್ಡೆ ಹೆಚ್ಚುತ್ತಿದ್ದ ತಾಯಿಯ ಮುಂದೆ ಇಟ್ಟ.

"ಅಮ್ಮ, ಅವಳು ಬಂದ್ರೆ ಇದನ್ನ ಕೊಡು. ನನ್ನ ಹತ್ರ ಈ ವಿಷಯ ಮತ್ತೆ ಎತ್ತೋದು ಬೇಡ ಅಂತ ಹೇಳು. ಥ್ಯಾಂಕ್ಸ್ ಗೀಂಕ್ಸ್ ಏನೂ ಬೇಡ."

ಹೇಳಿ, ಯೂನಿಫಾರ್ಮಿನ ಗಂಟು ಹೊತ್ತು ಶಾಲೆಯ ಕಡೆ ಹೊರಟುಹೋದ.

ಅಜ್ಜಿ ಕಾಗದವನ್ನು ಮೂರು ಸಲ ಓದಿದಳು. ಕೊಡಬೇಕೆಂದೇ ಇದ್ದಳು. ನಾನು ಅಜ್ಜಿಯ ಪರ ವಹಿಸುತ್ತಿಲ್ಲ. ಆದರೆ ಕೊಡಬೇಕೆಂದೇ ಇದ್ದಳು. ಅಷ್ಟರಲ್ಲಿ ಸೊಸೆ ಬಂದಳು, ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತೆ, ಇವತ್ತು ಮದರ್ ನನ್ನ ಕೈಲಿ ಓದಿಸಿದ್ರು! ಎಲ್ಲರ ಮುಂದೆ ನಿಂತು ನಾನೇ ಓದಿದೆ," ಎಂದಳು. ಅವಳ ಮುಖ ಹೊಳೆಯುತ್ತಿತ್ತು. ಐವತ್ತು ವರ್ಷದಲ್ಲಿ ಇಗರ್ಜಿಯಲ್ಲಿ ಯಾರೂ ಅಜ್ಜಿಯ ಕೈಲಿ ಒಂದು ಸಾಲು ಓದಿಸಿರಲಿಲ್ಲ. ಬಟ್ಟೆ ಒಗೆಸಿದ್ದರು.

"ಕೈಕಾಲು ತೊಳ್ಕೊಂಡು ಬಾ," ಎಂದಳು ಅಜ್ಜಿ. ಕಾಗದ ಆಲೂಗಡ್ಡೆಯ ಬುಟ್ಟಿಯ ಕೆಳಗೆ ಸರಿಯಿತು. ಆಮೇಲೆ ಅಲ್ಲಿಂದ ಅವಳ ಪ್ರಾರ್ಥನೆಯ ಪುಸ್ತಕದೊಳಕ್ಕೆ ಹೋಯಿತು, ಒಂಬತ್ತು ದಿನದ ಪ್ರಾರ್ಥನೆ ಇರುವ ಪುಟಕ್ಕೆ.

ಅಜ್ಜಿ ತನಗೆ ತಾನೇ ಹೇಳಿಕೊಂಡ ಸಮಾಧಾನ ಇದು: ಕದ್ದಿಲ್ಲ, ಹರಿದಿಲ್ಲ. ಕಾಗದವನ್ನು ದೇವರ ಮುಂದೆ ಇಟ್ಟಿದ್ದೇನೆ. ನಾಳೆಯಿಂದ ಒಂಬತ್ತು ದಿನ ಪ್ರಾರ್ಥನೆ ಮಾಡುತ್ತೇನೆ. ಅವಳು ಆತನಿಗೆ ಬೇಕಿದ್ದರೆ ಆತನೇ ದಾರಿ ತೋರಿಸಲಿ. ಕಾಗದವನ್ನು ತನ್ನ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ದೇವರನ್ನು ದಾರಿ ಹುಡುಕು ಎನ್ನುವುದು ಯಾವ ನ್ಯಾಯ? ಆದರೆ ಒಂಬತ್ತನೆಯ ದಿನ ಆ ಭಾನುವಾರಕ್ಕೇ ಬೀಳುತ್ತದೆ ಎಂದು ಬೆರಳು ಮಡಿಸಿ ಎಣಿಸಿದಾಗ ಅವಳಿಗೆ ಇದೇ ದೈವಸಂಕಲ್ಪ ಎನ್ನಿಸಿಬಿಟ್ಟಿತು.

ಆ ವಾರ ಮನೆಯಲ್ಲಿ ಯಾರಿಗೆ ಯಾರೂ ಅರ್ಥವಾಗಲಿಲ್ಲ.

ಥ್ಯಾಂಕ್ಸ್ ಬೇಡವೆಂದಿದ್ದ ಟೈಲರನಿಗೆ ಥ್ಯಾಂಕ್ಸ್ ಬರದಿದ್ದದ್ದೇ ದೊಡ್ಡ ಗಾಯವಾಯಿತು. ಬೆಳಿಗ್ಗೆ ಚಹಾ ಕೊಡುವಾಗಲಾದರೂ ಒಂದು ನಗು? ಇಲ್ಲ. ಇವಳ ಮುಖ ದಿನದಿಂದ ದಿನಕ್ಕೆ ಬಾಡುತ್ತಿದೆ. ಕಾಗದ ಕೊಟ್ಟರೂ ಹೀಗೆ, ಕೊಡದಿದ್ದರೂ ಹೀಗೆ! ಬಹುಶಃ ಅಳತೆಯ ಚೀಟಿಯಲ್ಲಿ ಬರೆದದ್ದು ಅವಳಿಗೆ ಅವಮಾನವಾಯಿತೋ ಏನೋ. ಬ್ಯಾಂಕಿನ ಗುಮಾಸ್ತನ ಹೆಂಡತಿ ಒಳ್ಳೆಯ ಕಾಗದದಲ್ಲಿ ಬರೆದುಕೊಟ್ಟಿರಬೇಕು, ಅಂದುಕೊಂಡ. ಈಗ ಅವನಿಗೆ ಬ್ಯಾಂಕಿನ ಗುಮಾಸ್ತನ ಮೇಲೂ ಹೊಟ್ಟೆಕಿಚ್ಚು.

ಹೆಂಡತಿ ಆ ಭಾನುವಾರಕ್ಕೆಂದು ಬೂದುಬಣ್ಣದ ಒಂದು ಉಡುಪನ್ನು ತಾನೇ ಹೊಲಿದುಕೊಳ್ಳುತ್ತಿದ್ದಳು. ಸೋಮವಾರ ಅದನ್ನು ಅರ್ಧ ಅಂಚು ಮಡಿಸಿದಲ್ಲಿಗೇ ನಿಲ್ಲಿಸಿ, ಸುತ್ತಿ, ಚೂರುಬಟ್ಟೆಗಳ ಗಂಟಿನೊಳಗೆ ತುರುಕಿದಳು. ಮೂರು ಸಲ ಕೇಳಿಯಾಗಿತ್ತು, ನಾಲ್ಕನೆಯ ಸಲ ಕೇಳುವಂತಿರಲಿಲ್ಲ. ಗಂಡ ಮನಸ್ಸು ಮಾಡಲಿಲ್ಲ ಎಂದುಕೊಂಡಳು.

ಟೈಲರ್ ಅದನ್ನು ನೋಡಿದ. "ಯಾಕೆ ನಿಲ್ಲಿಸ್ದೆ?" ಎಂದು ಕೇಳಿದ.

"ಮುಗಿಸಿ ಏನಾಗ್ಬೇಕು?" ಎಂದಳು ಅವಳು.

ನಮ್ಮಂಗಡಿಯ ಬಟ್ಟೆ ಇವಳಿಗೀಗ ಸಾಲದು, ಮಠದವರೇ ಬೇರೆ ಉಡುಪು ಕೊಡುತ್ತಾರೇನೋ ಎಂದು ಅವನು ತಿಳಿದ. ತಿಳಿದು, ಇನ್ನಷ್ಟು ಉರಿದುಕೊಂಡ.

ಅಜ್ಜಿಯಾದರೋ ಎಂದೂ ಇಲ್ಲದಷ್ಟು ಸಾಧುವಾಗಿಬಿಟ್ಟಿದ್ದಳು. ಬೆಳಿಗ್ಗೆ ಹಾಲಿನ ಮುಂದೆ ತಾನೇ ನಿಲ್ಲುತ್ತಿದ್ದಳು. ಸೊಸೆಯ ಬಟ್ಟೆಯನ್ನೂ ತಾನೇ ಮಡಚುತ್ತಿದ್ದಳು. ಊಟಕ್ಕೆ ಕೂತಾಗ ದೊಡ್ಡ ಮೀನಿನ ತುಂಡು ಸೊಸೆಯ ತಟ್ಟೆಗೆ ಹಾಕಿದಳು.

"ಅಜ್ಜಿ, ಹುಷಾರಾಗಿದ್ದೀಯ ತಾನೆ?" ಎಂದಳು ರೇಡಿಯೋ. "ಇಷ್ಟು ಒಳ್ಳೆಯವಳಾದ್ರೆ ನಮಗೆ ಭಯ ಆಗುತ್ತೆ."

"ಒಂಬತ್ತು ದಿನದ ಪ್ರಾರ್ಥನೆಲಿದ್ದೀನಿ. ಜಗಳ ಆಡೋ ಹಾಗಿಲ್ಲ."

"ಯಾರಿಗೋಸ್ಕರ?"

"ಎಲ್ಲರಿಗೋಸ್ಕರ," ಎಂದಳು ಅಜ್ಜಿ, ಮುಖ ತಿರುಗಿಸಿ.

ಶನಿವಾರ ಮಧ್ಯಾಹ್ನ ಸೊಸೆ ಪಾತ್ರೆ ತೊಳೆಯುತ್ತಿದ್ದಳು, ಅಜ್ಜಿ ಒರೆಸಿ ಇಡುತ್ತಿದ್ದಳು. "ಅತ್ತೆ," ಎಂದಳು ಸೊಸೆ, ತಲೆ ಎತ್ತದೆ. "ನಾಳೆ ನಾನೂ ನಿಮ್ಮ ಜೊತೆ ಇಗರ್ಜಿಗೇ ಬರ್ತೀನಿ. ಮಠಕ್ಕೆ ಹೋಗಲ್ಲ. ಹೆಸರು ತೆಗೀರಿ ಅಂತ ನಾಳೆ ಆದ್ಮೇಲೆ ಹೇಳಿ ಬರ್ತೀನಿ."

ಇಷ್ಟು ದಿನ ದಾರಿ ತೋರಿಸು ಎಂದು ದೇವರನ್ನು ಕೇಳುತ್ತಿದ್ದವಳ ಮುಂದೆ ದಾರಿ ತಾನಾಗಿ ಬಂದು ನಿಂತಿತ್ತು. ಪುಸ್ತಕ ಪಕ್ಕದ ಕೋಣೆಯಲ್ಲೇ ಇತ್ತು. ಎದ್ದು ಹೋಗಿ ತಂದರಾಗಿತ್ತು. ಅಜ್ಜಿ ಬಾಯಿ ತೆರೆದಳು. ಬಾಯಿಂದ ಬಂದದ್ದು, "ಹಾಗಾದ್ರೆ ಬೇಗ ಹೊರಡ್ಬೇಕು, ಬೆಂಚು ಸಿಗಲ್ಲ," ಎಂಬ ಮಾತು. ಒರೆಸಿದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸಿದಳು.

ಭಾನುವಾರ ಬೆಳಿಗ್ಗೆ ಹೆಂಡತಿ ಅಂಗಡಿಯ ಕೋಣೆಗೆ ಬಂದಾಗ ಬೂದುಬಣ್ಣದ ಉಡುಪು ಗೋಡೆಯ ಮೊಳೆಗೆ ತೂಗುತ್ತಿತ್ತು. ಅಂಚು ಪೂರ್ತಿಯಾಗಿತ್ತು. ಇಸ್ತ್ರಿಯಾಗಿತ್ತು. ಕೊರಳಿಗೆ ಅವಳು ಹಾಕಿರದ ಒಂದು ಸಣ್ಣ ಬಿಳಿ ಪಟ್ಟಿಯೂ ಸೇರಿತ್ತು.

"ಇದನ್ನ ಯಾಕೆ ಮುಗಿಸಿದ್ರಿ?"

"ಇವತ್ತೇ ಅಲ್ವಾ?" ಎಂದ ಟೈಲರ್, ಬೇರೆಲ್ಲೋ ನೋಡುತ್ತ. "ಅವರು ಕೊಡೋ ಬಟ್ಟೆ ಹೇಗಿರುತ್ತೋ. ಹೊಲಿಗೆ ಗೊತ್ತಿರೋರ ಹೆಂಡತಿ ನೀನು, ಸರಿಯಾದ್ದು ಹಾಕ್ಕೊಂಡು ಹೋಗು."

"ಒಪ್ಪಿಗೆ ಕೊಡದೋರು ಬಟ್ಟೆ ಯಾಕೆ ಹೊಲಿದ್ರಿ ಅಂತ ಕೇಳ್ತಾ ಇದ್ದೀನಿ!"

"ಕೊಡದೋನಾ? ಕಾಗದ ಕೊಟ್ಟು ಒಂಬತ್ತು ದಿನ ಆಯ್ತಲ್ಲೇ! ಒಂದು ಮಾತಿಲ್ಲ, ಒಂದು ನಗು ಇಲ್ಲ. ಚೀಟಿಲಿ ಬರೆದ್ನಲ್ಲ, ನಿನಗೆ ಕಡಿಮೆ ಆಯ್ತೇನೋ ಅಂತ..."

"ಯಾರಿಗೆ ಕೊಟ್ರಿ?"

ಇಬ್ಬರೂ ಒಟ್ಟಿಗೆ ಅಡುಗೆಮನೆಯ ಕಡೆ ತಿರುಗಿದರು. ಅಜ್ಜಿ ಬಾಗಿಲಲ್ಲೇ ನಿಂತಿದ್ದಳು, ಇಗರ್ಜಿಗೆ ಹೊರಡುವ ಸೀರೆಯಲ್ಲಿ, ಎದೆಗೆ ಪುಸ್ತಕ ಅವಚಿಕೊಂಡು. ಪುಸ್ತಕ ತೆರೆದು ಚೀಟಿ ತೆಗೆದು ಮೇಜಿನ ಮೇಲಿಟ್ಟಳು.

"ಅಮ್ಮಾ!" ಎಂದ ಟೈಲರ್.

"ಕೂಗ್ಬೇಡ. ಗೊತ್ತು ನನಗೆ ಏನು ಮಾಡಿದ್ದೀನಿ ಅಂತ." ಅಜ್ಜಿ ಕುರ್ಚಿ ಎಳೆದು ಕೂತಳು. "ನನಗೆ ಹದಿನೇಳು ವರ್ಷ ಆಗ. ಮೂರು ತಿಂಗಳು ಮಠದಲ್ಲಿದ್ದೆ. ಇದೇ ಸಭೆಯವರ ಮಠ, ಬೇರೆ ಊರು. ಅಪ್ಪನ ಕಾಗದ ತಂದ್ರೆ ಸೇರಿಸ್ಕೊಳ್ತೀವಿ ಅಂದ್ರು. ದಿನಾ ಬಾಗಿಲಲ್ಲಿ ನಿಂತು ಪೋಸ್ಟ್‌ಮ್ಯಾನ್ ದಾರಿ ನೋಡಿದೆ. ಕಾಗದ ಬರ್ಲಿಲ್ಲ, ಅಪ್ಪನೇ ಬಂದ. ಗಂಡು ನೋಡಿ ಆಗಿದೆ, ಗಂಟು ಕಟ್ಟು ಅಂದ. ಅಷ್ಟೆ. ಅದಾದರೆ ಇದಿಲ್ಲ, ಇದಾದರೆ ಅದಿಲ್ಲ ಅಂದ್ರು ನನಗೆ. ಇವಳಿಗೆ? ಗಂಡನೂ ಇರಲಿ, ಮಗಳೂ ಇರಲಿ, ಮಠವೂ ಇರಲಿ! ಹೊಟ್ಟೆಕಿಚ್ಚು ಕಣೋ. ಹೊಟ್ಟೆಕಿಚ್ಚು ಬಿಟ್ರೆ ಇನ್ನೇನೂ ಅಲ್ಲ."

ಟೈಲರನಿಗೆ ತನ್ನ ತಾಯಿಗೊಮ್ಮೆ ಹದಿನೇಳು ವರ್ಷವಾಗಿತ್ತು ಎಂಬುದೇ ಹೊಸ ಸುದ್ದಿಯಾಗಿತ್ತು. ರೇಡಿಯೋ ಅಜ್ಜಿಯ ಪಕ್ಕಕ್ಕೆ ಬಂದು ನಿಂತಳು.

ಹೆಂಡತಿ ಚೀಟಿ ಓದಿದಳು. ಬೆನ್ನು ಪರವಾಗಿಲ್ಲ ಎಂಬಲ್ಲಿಗೆ ಬಂದಾಗ ಗಂಡನ ಕಡೆ ಒಮ್ಮೆ ನೋಡಿದಳು. ಅವನಿಗೆ ಆ ನೋಟ ಸಾಕಾಯಿತು. ಮಠದಿಂದ ಬರುವಾಗ ಇರುತ್ತಿದ್ದ ಮುಖವೇ ಅದು. ಅತ್ತೆಯ ಕಡೆ ಮಾತ್ರ ಅವಳು ನೋಡಲಿಲ್ಲ. "ಪೂಜೆಗೆ ಇನ್ನು ನಲವತ್ತು ನಿಮಿಷ ಇದೆ," ಎಂದಷ್ಟೇ ಹೇಳಿ, ಉಡುಪು ತೆಗೆದುಕೊಂಡು ಒಳಗೆ ಹೋದಳು.

ಮಠದ ಪ್ರಾರ್ಥನಾಲಯದಲ್ಲಿ ಅಜ್ಜಿ ಕೊನೆಯ ಬೆಂಚಿನಲ್ಲಿ ಕೂತಳು. ಯಾರೂ ಹೇಳಿರಲಿಲ್ಲ, ತಾನಾಗಿ ಕೂತಳು. ನಾಲ್ವರು ಎದ್ದು ಮುಂದೆ ಹೋದರು: ಗುಮಾಸ್ತರು, ನರ್ಸುಗಳಿಬ್ಬರು, ಬೂದು ಉಡುಪಿನ ಸೊಸೆ. ತಾವೇ ಬರೆದು ತಂದಿದ್ದ ಮಾತನ್ನು ಒಬ್ಬೊಬ್ಬರಾಗಿ ಓದಿ ಪೀಠದ ಮೇಲಿಟ್ಟರು. ಸೊಸೆಯ ದನಿ ಕೊನೆಯ ಬೆಂಚಿಗೂ ಸ್ಪಷ್ಟವಾಗಿ ಕೇಳಿಸಿತು. ಟೈಲರ್ ಬೆನ್ನು ನೆಟ್ಟಗಿಟ್ಟುಕೊಂಡು ಕೂತಿದ್ದ.

ಪೂಜೆ ಮುಗಿದ ಮೇಲೆ ಮುಂದಿನ ಕೋಣೆಯಲ್ಲಿ ಚಹಾ. ಎಂಬತ್ತು ವರ್ಷದ ಮದರ್ ಕೋಲೂರಿಕೊಂಡು ಅಜ್ಜಿಯ ಬಳಿಗೆ ಬಂದು ಕೂತರು.

"ಮುಂದಿನ ವರ್ಷದ ಪಟ್ಟಿಗೆ ಹೆಸರು ಬರ್ಕೊಳ್ತಾ ಇದ್ದೀವಿ. ನಿಮ್ಮದು ಬರ್ಕೊಳ್ಲಾ?"

"ನನಗೆ ಎಪ್ಪತ್ತೊಂದು ಮದರ್."

"ಪರವಾಗಿಲ್ಲ, ನನಗಿಂತ ಚಿಕ್ಕವರು."

"ನನಗೆ ಕಾಗದ ಕೊಡೋಕೆ ಗಂಡ ಇಲ್ಲ. ತೀರಿಹೋಗಿ ಹದಿನಾಲ್ಕು ವರ್ಷ ಆಯ್ತು."

"ಹಾಗಾದ್ರೆ ಕಾಗದದ ಮಾತೇ ಇಲ್ಲ. ಗಂಡ ಇಲ್ಲದವರಿಗೆ ಯಾರ ಕಾಗದವೂ ಬೇಡ. ನೀವೇ ಬಂದ್ರೆ ಸಾಕು."

"ಯಾವಾಗಿನಿಂದ ಹೀಗೆ?"

"ಮೊದಲಿಂದಲೂ ಹೀಗೆಯೇ."

ಅಜ್ಜಿಯ ಕೈಯ ಲೋಟದಲ್ಲಿ ಚಹಾ ಆರಿಹೋಯಿತು. ಹದಿನಾಲ್ಕು ವರ್ಷದಿಂದ ತೆರೆದೇ ಇದ್ದ ಬಾಗಿಲು. ಅದೇ ಬೀದಿ. ಇಗರ್ಜಿಗೆ ಹೋಗುವಾಗ ದಿನಾ ಅದರ ಮುಂದೆಯೇ ಹಾದುಹೋಗಿದ್ದಳು, ಒಮ್ಮೆಯೂ ತಟ್ಟಿ ಕೇಳಿರಲಿಲ್ಲ. ಬೇರೆಯವರು ಒಳಗೆ ಹೋದದ್ದನ್ನು ಮಾತ್ರ ನೋಡಿದ್ದಳು.

ಆ ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ ಅಂಗಡಿಯಿಂದ ಅಳತೆಯ ಪ್ಯಾಡು ತಂದು ಸೊಸೆಯ ಮುಂದಿಟ್ಟಳು.

"ನನಗೊಂದು ಕಾಗದ ಬರೆದುಕೊಡು."

"ಬೇಡ ಅಂದ್ರಲ್ಲ ಮದರ್," ಎಂದ ಟೈಲರ್.

"ಅವರಿಗೆ ಬೇಡ. ನನಗೆ ಬೇಕು. ಐವತ್ತನಾಲ್ಕು ವರ್ಷದಿಂದ ಬೇಕು."

"ಕೊಡಮ್ಮ, ನಾನು ಬರೀತೀನಿ."

"ನೀನಲ್ಲ. ಇವಳು."

ಬೆಳಗಿನಿಂದ ಅತ್ತೆಯೊಡನೆ ಒಂದು ಮಾತೂ ಆಡಿರದ ಸೊಸೆ ಎದ್ದು ಕೈ ತೊಳೆದಳು, ಒರೆಸಿಕೊಂಡಳು, ಪ್ಯಾಡನ್ನು ಮುಚ್ಚಿ ಕಪಾಟಿನ ಮೇಲಿಟ್ಟಳು.

"ಬರೀತೀನಿ ಅತ್ತೆ. ಒಂಬತ್ತು ದಿನ ಆಗಲಿ."

ರೇಡಿಯೋ ಬಾಯಿಗೆ ಕೈ ಅಡ್ಡ ಹಿಡಿದಳು. ಟೈಲರ್ ಅಂಗಡಿಗೆ ಎದ್ದುಹೋದ. ಅಜ್ಜಿ "ಸರಿ," ಎಂದಳು. "ಅದು ನ್ಯಾಯ."

ಆ ಒಂಬತ್ತು ದಿನ ಸಂಜೆ ಐದೂವರೆಗೆ ಸೊಸೆ ಮುಖ ತೊಳೆದು ಹೊರಡುವುದನ್ನು ಅಜ್ಜಿ ಕಿಟಕಿಯಲ್ಲಿ ನಿಂತು ನೋಡಿದಳು. ಉರಿ ಕಡಿಮೆಯಾಗಲಿಲ್ಲ. ದಿನ ಎಣಿಸುವುದೊಂದೇ ಕೆಲಸವಾಯಿತು. ಬರೆಯದೆ ಹೋದರೆ? ಇವಳೂ ಅಪ್ಪನ ಹಾಗೆ ಸುಮ್ಮನಿದ್ದುಬಿಟ್ಟರೆ? ತಾನು ಸೊಸೆಗೆ ಏನು ಉಣ್ಣಿಸಿದ್ದೆನೆಂದು ಅಜ್ಜಿಗೆ ದಿನಕ್ಕಿಷ್ಟಿಷ್ಟಾಗಿ ತಿಳಿಯುತ್ತ ಬಂತು.

ಮಂಗಳವಾರ ಬೆಳಿಗ್ಗೆ ಸೊಸೆ ಬ್ರೆಡ್ಡಿನ ತಟ್ಟೆ ಇಡಲು ಬಂದಾಗ ಮೇಜಿನ ಮೇಲೆ ಪ್ಯಾಡು, ಪೆನ್ನು ಮೊದಲೇ ಕಾದಿದ್ದವು. ಅಜ್ಜಿ ಕೈ ಕಟ್ಟಿಕೊಂಡು ಕೂತಿದ್ದಳು.

"ಇವತ್ತಿಗೆ ಒಂಬತ್ತು."

"ಗೊತ್ತು ಅತ್ತೆ," ಎಂದಳು ಸೊಸೆ. ನಿಂತೇ ಬರೆದಳು, ಸೊಂಟ, ತೋಳುಗಳ ಗೆರೆಗಳ ಮೇಲೆ. ಹರಿದು ಕೊಟ್ಟಳು.

ಅಜ್ಜಿ ಕನ್ನಡಕ ಏರಿಸಿ ಓದಿದಳು: 'ಮದರ್ ಅವರಿಗೆ. ನಮ್ಮ ಅತ್ತೆ ನಿಮ್ಮಲ್ಲಿ ಸೇರಿಕೊಳ್ಳಲು ಮನೆಯವರೆಲ್ಲರ ಒಪ್ಪಿಗೆ ಇದೆ. ಅವರ ಕೈಲಿ ಒಮ್ಮೆ ಓದಿಸಬೇಕು. ಏಳಕ್ಕೆ ಕಳಿಸಿಕೊಡಬೇಕು, ಮನೆಯಲ್ಲಿ ಕಾಯುತ್ತಿರುತ್ತೇವೆ.'

ಮೂರು ಸಲ ಓದಿದಳು. ಕಣ್ಣು ಒರೆಸಿಕೊಂಡಳು. ಆಮೇಲೆ, "ಕಾಯ್ತಿರ್ತೀವಿ ಅಂತ ಸುಳ್ಳು ಯಾಕೆ ಬರೆದೆ? ನೀನೂ ಅಲ್ಲೇ ಇರ್ತೀಯಲ್ಲ," ಎಂದು ಗದರಿದಳು.

"ನೀವು ಓದೋ ದಿನ ನಾನು ಬರಲ್ಲ. ಮನೇಲಿದ್ದು ಹಾಲು ಕಾಯಿಸ್ತೀನಿ."

ಒಳಗಿನಿಂದ ರೇಡಿಯೋ ಕಿಸಕ್ಕನೆ ನಕ್ಕಳು. ಅಜ್ಜಿ ನಗಲಿಲ್ಲ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪ್ರಾರ್ಥನೆಯ ಪುಸ್ತಕದೊಳಗಿಟ್ಟಳು. ಒಂದು ಗಳಿಗೆ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಿದ್ದು, ಮತ್ತೆ ಚೀಟಿಯನ್ನು ಹೊರಗೆ ತೆಗೆದು ಸೊಸೆಯ ಅಂಗೈಯಲ್ಲಿಟ್ಟಳು.

"ಸಂಜೆವರೆಗೆ ನೀನೇ ಇಟ್ಕೊಂಡಿರು," ಎಂದಳು. "ನನ್ನ ಹತ್ರ ಕಾಗದ ಭದ್ರವಾಗಿರಲ್ಲ."